ಸ್ಟೀಲ್, ಅಲ್ಯೂಮಿನಿಯಂ, ಫ್ಯಾಟ್‌ಬಾರ್: ಅಡ್ವೆಂಚರ್ ಬೈಕಿಗೆ ಯಾವ ಹ್ಯಾಂಡಲ್‌ಬಾರ್?

ಅಡ್ವೆಂಚರ್ ಬೈಕಿನ ಹ್ಯಾಂಡಲ್‌ಬಾರ್ ಬದಲಿಸಬೇಕು ಅಂದ ಕೂಡಲೇ ಮಾತು ದಪ್ಪದಿಂದ ಶುರುವಾಗುತ್ತದೆ. 22 ಮಿ.ಮೀ. ಸಾಕಾ, 28 ಬೇಕಾ? ಒಂದೇ ಬೈಕಿಗೆ ಬೇರೆ ಬೇರೆ ಬಗೆಯವನ್ನು ಹಾಕಿ ಓಡಿಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಮೊದಲು ಬೆಂಡ್, ಅಂದರೆ ಬಾರ್ ಬಾಗಿರುವ ಆಕಾರ ನೋಡಿ, ದಪ್ಪ ಆಮೇಲೆ.

ಸ್ಟೀಲ್ ಬಾರ್ ಬಗ್ಗೆ ಜನ ಸುಮ್ನೆ ಮೂಗು ಮುರಿಯುತ್ತಾರೆ. ತೂಕ ಜಾಸ್ತಿ, ಬೈಕ್ ಬಿದ್ದರೆ ಬಾಗುತ್ತದೆ, ನಿಜ. ಆದರೆ ಸ್ವಲ್ಪ ಬಾಗಿದ ಸ್ಟೀಲನ್ನು ಎಳೆದು ನೆಟ್ಟಗೆ ಮಾಡಿಕೊಂಡು ಹೇಗೋ ಊರು ಸೇರಬಹುದು. ಬಾಗಿದ ಅಲ್ಯೂಮಿನಿಯಂ ಬಾರನ್ನು ಹಾಗೆ ತಿರುಗಿ ಬಗ್ಗಿಸಬಾರದು. ಒಳಗೆ ಬಿರುಕು ಬಿಟ್ಟಿದ್ದರೆ ಯಾವಾಗ ಮುರಿಯುತ್ತದೋ ಹೇಳಲಾಗುವುದಿಲ್ಲ. ಹೆಚ್ಚಾಗಿ ಟಾರು ರಸ್ತೆಯಲ್ಲೇ ಓಡಿಸುವವರಿಗೆ ಒಳ್ಳೆಯ ಬೆಂಡಿನ ಸ್ಟೀಲ್ ಬಾರ್ ಧಾರಾಳವಾಗಿ ಸಾಕು.

22 ಮಿ.ಮೀ. ಅಲ್ಯೂಮಿನಿಯಂ ಬಾರಿಗೆ ಸಾಮಾನ್ಯವಾಗಿ ನಡುವೆ ಒಂದು ಅಡ್ಡಪಟ್ಟಿ ಇರುತ್ತದೆ. ಗಟ್ಟಿತನ ಬರುವುದೇ ಅದರಿಂದ. ಹಗುರ, ಬಾರನ್ನು ಬೈಕಿಗೆ ಬಿಗಿದು ಹಿಡಿಯುವ ಹಳೆಯ ಕ್ಲಾಂಪಿಗೇ ಕೂರುತ್ತದೆ. ನನಗೆ ಮಾತ್ರ ಇದು ಹಿಡಿಸಲಿಲ್ಲ. ಕಲ್ಲು ದಾರಿಯಲ್ಲಿ ಪೆಟ್ಟು ನೇರ ಅಂಗೈಗೆ ಬರುತ್ತಿತ್ತು, ಟ್ಯಾಂಕ್ ಬ್ಯಾಗ್ ಇಟ್ಟರೆ ಅಡ್ಡಪಟ್ಟಿ ಅಡ್ಡ ಬರುತ್ತಿತ್ತು.

ಇನ್ನು ಫ್ಯಾಟ್‌ಬಾರ್. ರೆಂಥಾಲ್ ಕಂಪನಿ ತನ್ನ ಬಾರಿಗೆ ಇಟ್ಟ ಹೆಸರು ಈಗ ಎಲ್ಲರ ಬಾಯಲ್ಲೂ ಈ ಬಗೆಗೇ ನಿಂತುಬಿಟ್ಟಿದೆ. ಕ್ಲಾಂಪ್ ಹಿಡಿಯುವ ಜಾಗದಲ್ಲಿ 28.6 ಮಿ.ಮೀ., ತುದಿಗೆ ಬರುವಾಗ ಸಣ್ಣದಾಗಿ 22.2. ಹಾಗಾಗಿ ಹಳೆಯ ಗ್ರಿಪ್, ಲಿವರ್ ಎಲ್ಲ ಹಾಗೇ ಕೂರುತ್ತವೆ. ಅಡ್ಡಪಟ್ಟಿ ಇಲ್ಲದ್ದರಿಂದ ಬಾರ್ ಒಂಚೂರು ಬಳುಕುತ್ತದೆ, ಆದರೂ ಬಿದ್ದಾಗ ತಡೆದುಕೊಳ್ಳುತ್ತದೆ. ಪೆಗ್ (ಕಾಲಿಡುವ ಕಡ್ಡಿ) ಮೇಲೆ ನಿಂತು ಓಡಿಸುವಾಗ ಈ ವ್ಯತ್ಯಾಸ ಕೈಗೆ ಚೆನ್ನಾಗಿ ಗೊತ್ತಾಯಿತು. ಎರಡು ವಿಷಯ ಗಮನಿಸಿ. ಬೈಕಿನ ಕ್ಲಾಂಪ್ 22ರದ್ದಾದರೆ ಅಡಾಪ್ಟರ್ ಬೇಕು, ಆ ಅಡಾಪ್ಟರೇ ಬಾರನ್ನು ಮೇಲೆತ್ತುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಎತ್ತರ ಕಡಿಮೆ ಇರುವ ಬೆಂಡ್ ಆರಿಸಿ. ಹ್ಯಾಂಡ್ ಗಾರ್ಡ್ ಕ್ಲಾಂಪ್ ಕೂಡ ಈ ಬಾರಿಗೆ ಹೊಂದುವಂಥದ್ದೇ ಆಗಬೇಕು. ಬಾರ್ ಸಣ್ಣದಾಗುತ್ತಾ ಹೋಗುವ ಜಾಗದಲ್ಲಿ ಮಾಮೂಲಿ ಕ್ಲಾಂಪ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಕೀಲು, ರಬ್ಬರಿನಂಥ ತುಂಡುಗಳಿರುವ ಬಾರ್ ಕೂಡ ಇದೆ. ಮೇಲೆ ಕೆಳಗೆ ಮಾತ್ರ ಕೊಂಚ ಆಡುತ್ತದೆ, ತಿರುಗಿಸುವಾಗ ಗಟ್ಟಿಯಾಗಿಯೇ ಇರುತ್ತದೆ. ಮಣಿಕಟ್ಟಿಗೆ ಹಳೆಯ ಪೆಟ್ಟು ಬಿದ್ದವರಿಗೆ ಇದನ್ನೇ ಹೇಳುತ್ತೇನೆ. ಉಳಿದವರಿಗೆ ಆ ತೂಕ, ಆ ಖರ್ಚು ಬೇಕಾಗಿಲ್ಲ.

ಈಗ ಬೆಂಡ್. ನೋಡಬೇಕಾದ್ದು ಅಗಲ, ಎತ್ತರ, ಮತ್ತೆ ತುದಿಗಳು ಹಿಂದಕ್ಕೆ ಎಷ್ಟು ಬಂದಿವೆ ಅನ್ನೋದು. ಈ ಮೂರನೆಯದನ್ನು ಸ್ವೀಪ್ ಅಂತಾರೆ, ಜನ ಮರೆಯೋದೂ ಇದನ್ನೇ. ಒಂದೇ ದಪ್ಪದ ಎರಡು ಫ್ಯಾಟ್‌ಬಾರ್ ಹಾಕಿ ನೋಡಿದೆ. ಸ್ವೀಪ್ ಕಡಿಮೆ ಇದ್ದದ್ದರಲ್ಲಿ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತಿತ್ತು. ಭಾರವೆಲ್ಲ ಅಂಗೈಯ ಹೊರ ಅಂಚಿಗೆ ಬಿದ್ದು ಕಿರುಬೆರಳು ಜೋಮು ಹಿಡಿಯುತ್ತಿತ್ತು. ಸ್ವೀಪ್ ಸ್ವಲ್ಪ ಜಾಸ್ತಿ ಇದ್ದದ್ದನ್ನು ಹಾಕಿದಾಗ ಜೋಮು ನಿಂತಿತು. ತೀರಾ ಜಾಸ್ತಿಯಾದರೂ ಕಷ್ಟ, ಮೊಣಕೈ ಪಕ್ಕೆಗೆ ಅಂಟಿಕೊಂಡು ತೋಳು ಆಡಿಸಲು ಜಾಗ ಸಿಗುವುದಿಲ್ಲ.

ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಗಲದ್ದನ್ನೇ ತಂದು, ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಸಮನಾಗಿ ಕತ್ತರಿಸಬಹುದು. ಎತ್ತರ ಹಾಗಲ್ಲ. ನಿಂತಾಗ ಹಿತ ಅಂತ ತುಂಬಾ ಎತ್ತರದ್ದು ಹಾಕಿದರೆ ಕೂತಾಗ ಭುಜ ಮೇಲೇಳುತ್ತದೆ. ಕೊಳ್ಳುವ ಮೊದಲು ಪೆಗ್ ಮೇಲೆ ನಿಂತು ಮೊಣಕಾಲು ತುಸು ಬಗ್ಗಿಸಿ. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿದಿರಲಿ. ಕೈ ಸಹಜವಾಗಿ ಎಲ್ಲಿಗೆ ಬರುತ್ತದೆ ಅನ್ನೋದನ್ನು ಟೇಪಿನಲ್ಲಿ ಅಳೆದುಕೊಳ್ಳಿ.

ನನ್ನ ಬೈಕಿನಲ್ಲಿ ಉಳಿದಿರುವುದು ಎತ್ತರ ಕಡಿಮೆ, ಸ್ವೀಪ್ ಮಧ್ಯಮ ಇರುವ ಫ್ಯಾಟ್‌ಬಾರ್. ಕೂರಿಸುವಾಗ ಸ್ವಿಚ್ ಬಾಕ್ಸ್ ಒಳಗಿನ ಸಣ್ಣ ಪಿನ್ನನ್ನು ಮರೆಯಬೇಡಿ. ಹೊಸ ಬಾರಿನಲ್ಲಿ ಅದಕ್ಕೆ ಸಾಮಾನ್ಯವಾಗಿ ತೂತು ಇರುವುದಿಲ್ಲ. ಪಿನ್ನನ್ನು ಉಜ್ಜಿ ಹಾಕುವವರಿದ್ದಾರೆ, ಆಗ ಸ್ವಿಚ್ ಬಾಕ್ಸ್ ಜಾರಿ ತಿರುಗಬಹುದು. ಲಿವರ್, ಸ್ವಿಚ್ ಎಲ್ಲವನ್ನೂ ಜಾಗಕ್ಕೆ ಕೂರಿಸಿ ಗುರುತು ಹಾಕಿಕೊಂಡು ಪಿನ್ನಿನಷ್ಟೇ ತೂತು ಕೊರೆಯುವುದು ನನಗೆ ಸರಿ ಕಂಡಿತು.

ಕೊನೆಗೆ ಎಂಜಿನ್ ಐಡಲಿನಲ್ಲಿಟ್ಟು ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಕ್ಲಚ್ ಕೇಬಲ್, ಬ್ರೇಕ್ ಹೋಸ್ ಬಿಗಿದಿವೆಯಾ ಅಂತಲೂ ನೋಡಿ. ಏನೇ ಎಳೆಯುತ್ತಿದ್ದರೂ ಬೈಕನ್ನು ರಸ್ತೆಗೆ ಇಳಿಸಬೇಡಿ. ಕೇಬಲ್, ಹೋಸ್ ಹಾದು ಬರುವ ದಾರಿ ಬದಲಿಸಿ, ಆಗದಿದ್ದರೆ ಉದ್ದದ್ದು ಹಾಕಿಸಿ.