ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು (ರೀಪ್ರಿಂಟ್): ಒಂದು ವರ್ಷ ಬಳಸಿದ ಮೇಲೆ

ಸ್ಟುಟ್‌ಗಾರ್ಟಲ್ಲಿ ಹುಟ್ಟಿ ಬೆಳೀತಿರೋ ಮಗಳಿಗೆ ಅಂತ ಹೋದ ವರ್ಷ ಊರಿಂದ ಇದನ್ನ ಹೊತ್ಕೊಂಡು ಬಂದೆ, ಲಗೇಜ್ ತೂಕ ಜಾಸ್ತಿ ಆಯ್ತು ಅಂತ ಹಪ್ಪಳ ಸಂಡಿಗೆ ಬಿಟ್ಟು ಇದನ್ನೇ ತುಂಬ್ಕೊಂಡೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಿಂದ ಬಂದ ನಿಘಂಟು, 1700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ.

ಮೊದಲು ಬೇಜಾರಿನ ವಿಷ್ಯ ಹೇಳ್ಬಿಡ್ತೀನಿ. ಹಳೇ ಪುಟಗಳ ಫೋಟೋ ತೆಗೆದು ಹಾಗೇ ಪ್ರಿಂಟ್ ಹಾಕಿದಾರೆ, ಅಕ್ಷರ ತೀರಾ ಸಣ್ಣದು, ಕೆಲವು ಕಡೆ ಒತ್ತಕ್ಷರ ಎಲ್ಲಾ ಮಸಿ ಮೆತ್ಕೊಂಡಂಗಿದೆ, ಆರೇ ತಿಂಗಳಿಗೆ ಬೆನ್ನು ಬಿಚ್ಕೊಂಡು ಬಂತು. ಕೊಟ್ಟ ದುಡ್ಡಿಗೆ ಬೈಂಡಿಂಗ್ ಗಟ್ಟಿ ಇರ್ಬೇಕಿತ್ತು.

ಒಳಗಿರೋದು ಮಾತ್ರ ಚಿನ್ನ. ಪ್ರತಿ ಪದದ ಪಕ್ಕ ರೋಮನ್ ಲಿಪೀಲೂ ಕೊಟ್ಟಿದಾರೆ, ಟ ಡ ಣ ಬಂದ ಕಡೆ ಅಕ್ಷರದ ಕೆಳಗೆ ಚುಕ್ಕೆ, ಹಾಗಾಗಿ ಕನ್ನಡ ಇನ್ನೂ ಕೂಡಿಸ್ಕೊಂಡು ಓದೋ ಮಗಳಿಗೂ ಉಚ್ಚಾರ ಸಿಗುತ್ತೆ. ಹೋದ ತಿಂಗಳು ಹಾಸನದಿಂದ ಅವಳಜ್ಜಿ ವೀಡಿಯೋ ಕಾಲಲ್ಲಿ ಮಾತಾಡ್ತಾನೇ ಅಕ್ಕಿ ಕೇರ್ತಿದ್ರು, ಇವಳು "ಅಜ್ಜೀ, ಕೈಯಲ್ಲಿ ಅದೇನು" ಅಂದ್ಳು, "ಮೊರ ಕಣೇ ಪುಟ್ಟಿ" ಅಂದ್ರು. ನಿಘಂಟು ತೆಗೆದು ನೋಡಿದ್ರೆ ಮೊಱ ಅಂತ ಹಳಗನ್ನಡದ ಱ ಹಾಕಿದೆ! ಮಾರನೇ ದಿನ ಸ್ಕೂಲಲ್ಲಿ ತಮಿಳು ಫ್ರೆಂಡ್‌ಗೆ ಹೇಳಿದ್ರೆ ಅವಳು "ನಮ್ಮ ಪಾಟಿ (ಅಜ್ಜಿ) ಮುರಂ ಅಂತಾರೆ" ಅಂದಳಂತೆ, ಜರ್ಮನ್ ಶಾಲೇಲಿ ಇಬ್ಬರು ಹುಡುಗೀರು ಮೊರದ ಬಗ್ಗೆ ಮಾತಾಡಿದಾರೆ ಅಂತ ಕೇಳಿ ನಂಗೆ ಕಣ್ಣು ತುಂಬಿ ಬಂತು.

ಜರ್ಮನಿಯ ಕಿಟೆಲ್ ಅವರು 1853ರಲ್ಲಿ 21ನೇ ವಯಸ್ಸಿಗೆ ಧರ್ಮ ಬೋಧಿಸೋಕೆ ಅಂತ ನಮ್ಮ ಕಡೆ ಬಂದೋರು, ಆದ್ರೆ ಪುಟ ತಿರುವ್ತಾ ಹೋದ್ರೆ ಕಾಣೋದು ಬೋಧಕ ಅಲ್ಲ, ಜೀವನಪೂರ್ತಿ ಶಿಷ್ಯನಾಗೇ ಇದ್ದ ಒಬ್ಬ ಮನುಷ್ಯ. ಕೇಶಿರಾಜನ ಹಳಗನ್ನಡ ವ್ಯಾಕರಣ "ಶಬ್ದಮಣಿದರ್ಪಣ" ಸಂಪಾದಿಸಿದ್ದೂ ಅವರೇ, ಇಲ್ಲಿ ಹಳೇ ಕಾವ್ಯದ ಪದಗಳ ಜೊತೆಗೇ ಆಡುಮಾತಿನ ಗಾದೆಗಳನ್ನೂ ಸೇರಿಸಿದಾರೆ. ಸಂಸ್ಕೃತ ನಮ್ಮ ದ್ರಾವಿಡ ಭಾಷೆಗಳಿಂದ ತಗೊಂಡಿರೋ ಪದಗಳ ಪಟ್ಟಿ ಮುನ್ನುಡೀಲೇ ಇದೆ, ಅದನ್ನ ತಪ್ಪದೇ ಓದಿ. ಅವರು 1903ರಲ್ಲಿ ತೀರ್ಕೊಂಡ ಟ್ಯೂಬಿಂಗನ್ ನಮ್ಮನೆಯಿಂದ ರೈಲಲ್ಲಿ ಒಂದು ಗಂಟೆ ದಾರಿ. ಮಗಳು ಅವರನ್ನ "ನಮ್ಮೂರೋರು" ಅಂತಾಳೆ.

ಇಂಗ್ಲಿಷ್ ಅರ್ಥಗಳು ಆ ಕಾಲದ ಭಾಷೇಲಿವೆ, ಮಕ್ಕಳ ಜೊತೆ ದೊಡ್ಡೋರು ಕೂರ್ಲೇಬೇಕು. ತಗೊಳೋ ಮುಂಚೆ ಇಂಟರ್ನೆಟ್ ಆರ್ಕೈವಲ್ಲಿ ಉಚಿತ ಸ್ಕ್ಯಾನ್ ಇದೆ, ನೋಡ್ಕೊಳ್ಳಿ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದ್ರಾಸ್ ಯೂನಿವರ್ಸಿಟಿ ಆವೃತ್ತಿ ಎಲ್ಲಾದ್ರೂ ಸಿಕ್ಕರೆ ಬಿಡ್ಬೇಡಿ, ನಾನೂ ಹುಡುಕ್ತಿದೀನಿ. ಪುಸ್ತಕಕ್ಕೆ ಐದಕ್ಕೆ ಐದು, ಈ ಪ್ರಿಂಟಿಗೆ ಎರಡು.