ಡುಕಾಟಿ ಸೂಪರ್‌ಸ್ಪೋರ್ಟ್ 950: ಕಾಸರಗೋಡಿನ ಐದು ಮಳೆಗಾಲದ ಲೆಕ್ಕ

ಡುಕಾಟಿ ಕೊಳ್ಳುತ್ತೇನೆ ಎಂದವರ ಕಿವಿಗೆ ಮೊದಲು ಬೀಳುವ ಮಾತು, "ಡೆಸ್ಮೊ ಸರ್ವಿಸಿಗೆ ತೋಟ ಅಡವಿಡಬೇಕು ಮಾರಾಯ". ಸೂಪರ್‌ಸ್ಪೋರ್ಟ್ 950ರ ಮಟ್ಟಿಗೆ ಈ ಹೆದರಿಕೆ ಅರ್ಧಕ್ಕರ್ಧ ಸುಳ್ಳು. ಡೆಸ್ಮೊ ಸರ್ವಿಸ್ ಎಂದರೆ ಎಂಜಿನಿನ ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವು ಮತ್ತು ಅದನ್ನು ಆಡಿಸುವ ಭಾಗದ ನಡುವಿನ ಸಣ್ಣ ಸಂದು, ಅಳೆಯುವ ಕೆಲಸ. ಅದನ್ನು ನೋಡಬೇಕಾದ್ದು 30,000 ಕಿ.ಮೀ.ಗೆ ಒಮ್ಮೆ. ವರ್ಷಕ್ಕೆ ಆರು ಸಾವಿರ ಓಡಿಸುವವರಿಗೆ ಅದು ಐದು ವರ್ಷದಾಚೆಯ ಮಾತು. ಅಷ್ಟರೊಳಗೆ ಐದು ಮಳೆಗಾಲ ಬಂದು ಹೋಗಿರುತ್ತದೆ. ಚೈನು, ಕನೆಕ್ಟರ್, ಬ್ರೇಕ್ ಪಿಸ್ಟನ್, ಬ್ಯಾಟರಿ ಎಲ್ಲದರ ಆಯುಷ್ಯವನ್ನು ನಮ್ಮ ಊರಲ್ಲಿ ನಿರ್ಧರಿಸುವುದು ಆ ಐದು ಮಳೆಗಾಲವೇ. ಅವುಗಳಲ್ಲಿ ಬೈಕನ್ನು ಸ್ವಂತ ಕೈಯಿಂದ ನೋಡಿಕೊಳ್ಳಬಲ್ಲವರಿಗೆ ಇದು ಇಟಲಿಯ ಸ್ಪೋರ್ಟ್ ಬೈಕುಗಳಲ್ಲೇ ಹೆಚ್ಚು ಒಗ್ಗುವ ಬೈಕು. ಸ್ಪ್ಯಾನರ್ ಮುಟ್ಟದವರಿಗೆ ಕಾಸರಗೋಡಿನಲ್ಲಿ ಇದು ಬೇಡ.

ಮೊದಲು ಬೈಕು ಏನೆಂದು ಹೇಳಿಬಿಡೋಣ. ಈ ಮಾದರಿ 2017ರಲ್ಲಿ ಬರೀ ಸೂಪರ್‌ಸ್ಪೋರ್ಟ್ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು. 2021ರಲ್ಲಿ ಹೊಸ ಮುಖ, ಹೊಸ ಎಲೆಕ್ಟ್ರಾನಿಕ್ಸ್ ಹೊತ್ತು 950 ಆಯಿತು. ಆಗಿನ ಎಕ್ಸ್-ಶೋರೂಂ ಬೆಲೆ 13.49 ಲಕ್ಷ. 937 ಸಿಸಿಯ ಎಲ್-ಟ್ವಿನ್ (ಎಲ್ ಆಕಾರದಲ್ಲಿ ಕೂತ ಎರಡು ಸಿಲಿಂಡರಿನ) ಎಂಜಿನ್, 110 ಎಚ್‌ಪಿ, 6,500 ಆರ್‌ಪಿಎಂನಲ್ಲಿ 93 ಎನ್‌ಎಂ ಟಾರ್ಕ್. ಪೆಟ್ರೋಲು ತುಂಬಿದಾಗ ತೂಕ 210 ಕೆ.ಜಿ., ಸೀಟಿನ ಎತ್ತರ 810 ಮಿ.ಮೀ. ನೋಡಲು ಡುಕಾಟಿಯದೇ ಸೂಪರ್‌ಬೈಕ್ ಪಾನಿಗಾಲೆಯ ತಮ್ಮನ ಹಾಗಿದ್ದರೂ ಹ್ಯಾಂಡಲ್ ಮೇಲೆ ಎತ್ತಿ ಕೂರಿಸಿದ್ದಾರೆ. ಹಾಗಾಗಿ ಮಡಿಕೇರಿಯವರೆಗೆ ಹೋಗಿ ಬಂದರೂ ಮಣಿಕಟ್ಟು ಬೈಯುವುದಿಲ್ಲ.

ಎಂಜಿನಿನ ಸ್ವಭಾವ ತಿಳಿಯದಿದ್ದರೆ ಮೊದಲ ವಾರವೇ ಬೇಸರ ಬರುತ್ತದೆ. 3,000 ಆರ್‌ಪಿಎಂಗಿಂತ ಕೆಳಗೆ ಮೇಲಿನ ಗೇರಿನಲ್ಲಿ ಎಳೆದರೆ ಚೈನು ಜಗ್ಗುತ್ತದೆ, ಬೈಕು ಕುಕ್ಕುತ್ತದೆ. ಉಪ್ಪಳ, ಕುಂಬಳೆ ಪೇಟೆಯೊಳಗೆ ಎರಡನೇ ಗೇರು ಬಿಟ್ಟು ಮೇಲೆ ಹೋಗಬೇಡಿ. ಹಿಂದಿನ ಸಿಲಿಂಡರ್ ಸೀಟಿನ ಕೆಳಗೇ ಇರುವುದರಿಂದ ಏಪ್ರಿಲ್ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತರೆ ತೊಡೆ ಕಾಯುತ್ತದೆ, ಕೂಲಂಟ್ ನೂರು ಡಿಗ್ರಿ ದಾಟಿ ಫ್ಯಾನ್ ಕೂಗಲು ಶುರುಮಾಡುತ್ತದೆ. ಅದು ದೋಷವಲ್ಲ. ಫ್ಯಾನ್ ತಿರುಗದೆ ಅಂಕಿ ಮಾತ್ರ ಏರುತ್ತಾ ಹೋದರೆ ಎಂಜಿನ್ ನಿಲ್ಲಿಸಿ ಫ್ಯೂಸ್ ನೋಡಬೇಕು. ಕೂಲಂಟ್ ಕಡಿಮೆಯಾಯಿತೆಂದು ಬಾವಿ ನೀರು ಹೊಯ್ಯುವ ಅಭ್ಯಾಸ ಇಲ್ಲಿ ನಡೆಯದು, ಒಳಗಿರುವುದು ಅಲ್ಯೂಮಿನಿಯಂ.

ಡೆಸ್ಮೊ ಎಂದರೆ ಇಷ್ಟೆ: ಬೇರೆ ಎಂಜಿನ್‌ಗಳಲ್ಲಿ ವಾಲ್ವನ್ನು ಸ್ಪ್ರಿಂಗ್ ಮುಚ್ಚುತ್ತದೆ, ಇದರಲ್ಲಿ ಮುಚ್ಚುವುದಕ್ಕೂ ಒಂದು ರಾಕರ್ ಇದೆ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲಿಯೋನಿ 1956ರಲ್ಲಿ 125 ಸಿಸಿಯ ರೇಸ್ ಬೈಕಿಗೆ ಅಳವಡಿಸಿದ ಉಪಾಯ ಇದು. ಎಂಟು ವಾಲ್ವುಗಳಿಗೆ ತೆರೆಯುವ ಕಡೆ ಎಂಟು, ಮುಚ್ಚುವ ಕಡೆ ಎಂಟು, ಒಟ್ಟು ಹದಿನಾರು ಕ್ಲಿಯರೆನ್ಸ್ ಅಳೆಯಬೇಕು, ಅಳತೆ ತಪ್ಪಿದಲ್ಲಿ ಸಂದು ಸರಿಮಾಡುವ ಲೋಹದ ಬಿಲ್ಲೆ, ಶಿಮ್, ಬದಲಿಸಬೇಕು. ಖರ್ಚಾಗುವುದು ಬಿಡಿಭಾಗಕ್ಕಿಂತ ಬಿಚ್ಚಿ ಜೋಡಿಸುವ ಕೂಲಿಗೆ. ಇದನ್ನು ಊರಿನ ಗ್ಯಾರೇಜಿನಲ್ಲಿ ಮಾಡಿಸಬೇಡಿ. ಅಧಿಕೃತ ವರ್ಕ್‌ಶಾಪ್ ಬೇಕೆಂದರೆ ದಕ್ಷಿಣಕ್ಕೆ ಕೊಚ್ಚಿ, ಪೂರ್ವಕ್ಕೆ ಬೆಂಗಳೂರು. ಕಾಸರಗೋಡಿನಿಂದ ಎರಡೂ ಹೆಚ್ಚುಕಡಿಮೆ 370 ಕಿ.ಮೀ. ಬುಕ್ ಮಾಡುವಾಗಲೇ ಚಾಸಿ ನಂಬರ್ ಕೊಟ್ಟು ಬೆಲ್ಟ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ತರಿಸಿಟ್ಟಿದ್ದಾರೆ ಎಂದು ಬರಹದಲ್ಲಿ ಖಚಿತ ಮಾಡಿಸಿಕೊಳ್ಳಿ. ಒಂದು ಗ್ಯಾಸ್ಕೆಟ್ ಬಂದಿಲ್ಲವೆಂದರೆ ಬೈಕು ಅಲ್ಲಿ, ನೀವು ರೈಲಿನಲ್ಲಿ. 15,000 ಕಿ.ಮೀ. ಅಥವಾ ವರ್ಷದ ಸರ್ವಿಸ್ ಅಷ್ಟು ತಲೆನೋವಲ್ಲ. ಆಯಿಲ್ 15ಡಬ್ಲ್ಯೂ-50. ಮಟ್ಟ ನೋಡುವಾಗ ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಬೈಕನ್ನು ನೆಟ್ಟಗೆ ಹಿಡಿದು ಗಾಜಿನ ಕಿಂಡಿಯಲ್ಲಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿ ಕಡಿಮೆ ಇದೆಯೆಂದು ಹೊಯ್ದವರ ಏರ್‌ಬಾಕ್ಸಿನಲ್ಲಿ (ಏರ್ ಫಿಲ್ಟರ್ ಇರುವ ಪೆಟ್ಟಿಗೆಯಲ್ಲಿ) ಆಯಿಲ್ ಸಿಗುತ್ತದೆ.

ಮನೆಯಲ್ಲಿ ಮಾಡಲೇಬೇಕಾದ ಕೆಲಸ ಚೈನಿನದು. ಮಳೆಗಾಲದಲ್ಲಿ ಒದ್ದೆ ರಸ್ತೆಯ ಪ್ರತಿ ಓಡಾಟದ ನಂತರ, ಬೇಸಿಗೆಯಲ್ಲಿ 500 ಕಿ.ಮೀ.ಗೆ ಒಮ್ಮೆ. ಕೆಂಪು ಕಲ್ಲಿನ ಮಣ್ಣು ನೀರಿನೊಟ್ಟಿಗೆ ಸೇರಿದರೆ ಚೈನಿನ ಮೇಲೆ ಅರದ ಹಾಗೆ ಕೆಲಸ ಮಾಡುತ್ತದೆ. ಸೀಮೆಎಣ್ಣೆ, ಮೆತ್ತನೆಯ ನೈಲಾನ್ ಬ್ರಶ್, ಹಳೇ ಬನಿಯನ್ ಸಾಕು. ಪೆಟ್ರೋಲು, ತಂತಿ ಬ್ರಶ್ ಎರಡೂ ಕೊಂಡಿಗಳ ರಬ್ಬರ್ ರಿಂಗನ್ನು ಕೊಲ್ಲುತ್ತವೆ. ಒರೆಸಿ ಒಣಗಿಸಿದ ಮೇಲೆ 80ಡಬ್ಲ್ಯೂ-90 ಗೇರ್ ಆಯಿಲನ್ನು ಒಳಬದಿಯಿಂದ ಹನಿಹನಿಯಾಗಿ ಬಿಟ್ಟು, ಚಕ್ರ ತಿರುಗಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೆಚ್ಚಿನದನ್ನು ಒರೆಸಿ. ತಿರುಗಿಸುವುದು ಕೈಯಲ್ಲಿ, ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ತಿರುಗಿಸಿದರೆ ಬಟ್ಟೆಯೊಟ್ಟಿಗೆ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ.

ಬಿಗಿ ಮಾಡುವ ಕ್ರಮ ನಮ್ಮ ಪಲ್ಸರ್, ಬುಲೆಟ್‌ನ ಹಾಗಲ್ಲ. ಹಿಂದಿನ ಚಕ್ರ ಹಿಡಿದಿರುವ ತೋಳು, ಸ್ವಿಂಗ್‌ಆರ್ಮ್, ಒಂದೇ ಬದಿಗೆ ಇದೆ, ಹಿಂದಿನ ಹಬ್ ಒಂದು ಎಕ್ಸೆಂಟ್ರಿಕ್ (ನಡು ತಪ್ಪಿಸಿ ತೂತು ಕೊರೆದ) ಗುಂಡಿನೊಳಗೆ ಕೂತಿದೆ. ಸ್ವಿಂಗ್‌ಆರ್ಮಿನ ತುದಿಯಲ್ಲಿ ಆ ಗುಂಡನ್ನು ಹಿಡಿದಿರುವ ಎರಡು ಬೋಲ್ಟುಗಳನ್ನು ಸಡಿಲಿಸಿ, ಕೊಕ್ಕೆ ಸ್ಪ್ಯಾನರಿನಿಂದ ಗುಂಡನ್ನು ತುಸುವೇ ತಿರುಗಿಸಿದರೆ ಚೈನು ಬಿಗಿಯಾಗುತ್ತದೆ ಇಲ್ಲವೇ ಸಡಿಲಾಗುತ್ತದೆ. ಚಕ್ರದ ನಟ್ ಮುಟ್ಟುವ ಕೆಲಸವೇ ಇಲ್ಲ, ಅಲೈನ್‌ಮೆಂಟ್ ತಪ್ಪುವ ಭಯವೂ ಇಲ್ಲ. ಎಷ್ಟು ಸಡಿಲ ಬೇಕೆಂಬುದು ಸ್ವಿಂಗ್‌ಆರ್ಮಿನ ಸ್ಟಿಕ್ಕರಿನಲ್ಲೇ ಇದೆ. ಚೈನಿನ ಅತಿ ಬಿಗಿ ಜಾಗ ಹುಡುಕಿ ಅಲ್ಲೇ ಅಳೆಯಿರಿ. ಬೋಲ್ಟು ಬಿಗಿಯುವಾಗ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು, ಈ ಕ್ರಮದಲ್ಲಿ ಟಾರ್ಕ್ ರೆಂಚಿನಿಂದಲೇ. ಇವನ್ನು ಕೈ ಅಂದಾಜಿನಲ್ಲಿ ಜಗ್ಗಿ ಅಲ್ಯೂಮಿನಿಯಂ ಸೀಳಿಸಿದರೆ ಇಡೀ ಸ್ವಿಂಗ್‌ಆರ್ಮ್ ಇಟಲಿಯಿಂದ ಬರಬೇಕು. ವರ್ಷಕ್ಕೊಮ್ಮೆ ಗುಂಡನ್ನು ಸ್ವಲ್ಪ ತಿರುಗಿಸಿ ನೋಡುವುದು ಒಳ್ಳೆಯದು. ಬೇಕಲದ ಕಡಲ ದಾರಿಯಲ್ಲಿ ಓಡುವ ಬೈಕಿನಲ್ಲಿ ಉಪ್ಪು ಸೇರಿ ಅದು ಸ್ವಿಂಗ್‌ಆರ್ಮಿಗೇ ಕಚ್ಚಿಕೊಳ್ಳುತ್ತದೆ.

ಸ್ವಿಂಗ್‌ಆರ್ಮ್ ಒಂದೇ ಬದಿಗಿರುವ ಕಾರಣಕ್ಕೆ, ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಎರಡು ಕೊಕ್ಕೆಯ ಸಾಮಾನ್ಯ ಪ್ಯಾಡಕ್ ಸ್ಟ್ಯಾಂಡ್ ಇದಕ್ಕೆ ಆಗುವುದಿಲ್ಲ. ಹಬ್ಬಿನ ತೂತಿಗೆ ಸರಿಯಾದ ವ್ಯಾಸದ ಪಿನ್ ಇರುವುದೇ ಬೇಕು. ಹಿಂದಿನ ಚಕ್ರದ ನಟ್ಟಿನ ದೊಡ್ಡ ಸಾಕೆಟ್ಟನ್ನೂ ಬೈಕು ಕೊಂಡ ದಿನವೇ ತೆಗೆದಿಡಿ. ಊರಿನ ಪಂಕ್ಚರ್ ಅಂಗಡಿಯವರು ಟ್ಯೂಬ್‌ಲೆಸ್‌ಗೆ ಬತ್ತಿ ಚೆನ್ನಾಗಿಯೇ ಹಾಕುತ್ತಾರೆ, ಆದರೆ ಈ ನಟ್ ಬಿಚ್ಚುವ ಸಾಕೆಟ್ ಅವರಲ್ಲಿ ಇರುವುದಿಲ್ಲ.

ಮುಂದಿನ ಬ್ರೆಂಬೊ ಬ್ರೇಕಿನ ಬಗ್ಗೆ ದೂರೇ ಇಲ್ಲ. ಹಿಂದಿನದು ಡುಕಾಟಿಗಳಲ್ಲಿ ಹಳೇ ಕಾಯಿಲೆ: ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಬೈಕು ಮಾತ್ರ ನಿಲ್ಲುವುದಿಲ್ಲ. ಪ್ಯಾಡು ಹಿಡಿದಿರುವ ಕ್ಯಾಲಿಪರ್ ಇದ್ದಲ್ಲೇ ಇಟ್ಟು ಎಷ್ಟು ಬ್ಲೀಡ್ ಮಾಡಿದರೂ (ದ್ರವದೊಳಗಿನ ಗಾಳಿ ತೆಗೆದರೂ) ಗಾಳಿಯ ಗುಳ್ಳೆ ಮೂಲೆಯಲ್ಲಿ ಉಳಿಯುತ್ತದೆ. ಕ್ಯಾಲಿಪರನ್ನು ಕಳಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ಬ್ಲೀಡ್ ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಹಿಡಿದು ಬ್ಲೀಡ್ ಮಾಡಿ. ಆಗ ಪೆಡಲ್ ಗಟ್ಟಿಯಾಗುತ್ತದೆ. ಆದರೂ ಪ್ಯಾಡು ಕಚ್ಚುವ ಜೋರು ಮಿತವೇ. ಇದನ್ನು ಘಾಟಿಯಲ್ಲಿ ವೇಗ ಹದಮಾಡುವ ಬ್ರೇಕ್ ಎಂದು ತಿಳಿದು ಬಳಸಿದರೆ ಸರಿ. ಬ್ರೇಕ್ ದ್ರವ ಡಾಟ್ 4 ದರ್ಜೆಯದು. ಅದು ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಇಡಬೇಡಿ.

ಇನ್ನು ನಿಂತ ಬೈಕಿನ ಪಾಡು. ಡ್ಯಾಶ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಸದಾ ಒಂದಿಷ್ಟು ಕರೆಂಟು ಕುಡಿಯುತ್ತಿರುತ್ತವೆ. ಮೂರು ವಾರ ಮುಟ್ಟದಿದ್ದರೆ ಎರಡು ದೊಡ್ಡ ಪಿಸ್ಟನ್‌ಗಳನ್ನು ತಿರುಗಿಸುವ ಬಲ ಬ್ಯಾಟರಿಗೆ ಉಳಿಯುವುದಿಲ್ಲ. ಸ್ಟಾರ್ಟರ್ 'ಟಕ್' ಎಂದು ನಿಂತು ಡ್ಯಾಶಿನಲ್ಲಿ ಸಾಲುಸಾಲು ಎರರ್ ಬಂದರೆ ಮೊದಲು ವೋಲ್ಟೇಜ್ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ. ಫ್ಯೂಸ್ ಇರುವ ಒಂದು ವಯರ್ ಬ್ಯಾಟರಿಯಿಂದ ಹೊರಗೆ ಎಳೆದಿಟ್ಟು, ಮಳೆಗಾಲವಿಡೀ ಸ್ಮಾರ್ಟ್ ಚಾರ್ಜರಿಗೆ ಸಿಕ್ಕಿಸಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಲು ಮರೆಯಬೇಡಿ, ನಮ್ಮ ಕಡೆಯ ಸಿಡಿಲು ಚಾರ್ಜರನ್ನು ಬಿಡುವುದಿಲ್ಲ. ಪ್ಲಾಸ್ಟಿಕ್ ಕವರ್ ಒಳಗೇ ಬೆವರುತ್ತದೆ; ಹಳೇ ಹತ್ತಿ ಸೀರೆ ಅದಕ್ಕಿಂತ ವಾಸಿ. ಕನೆಕ್ಟರುಗಳನ್ನು ಒಮ್ಮೆ ಬಿಚ್ಚಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಸೇರಿದರೆ ಗೇರಿಗೆ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತದೆ, ಅದನ್ನು ತೊಳೆದು ಒಣಗಿಸಿದರೆ ಸಾಕು. ಅಡಿಕೆ, ಕೊಬ್ಬರಿ ತುಂಬಿದ ಶೆಡ್ಡಿನಲ್ಲೇ ಬೈಕೂ ಇದ್ದರೆ ಇಲಿ ಬಂದೇ ಬರುತ್ತದೆ. ವಯರಿನ ಹೊದಿಕೆ ಕಡಿದು ಏರ್‌ಬಾಕ್ಸಿನಲ್ಲಿ ಮನೆ ಕಟ್ಟಿದರೆ ದುರಸ್ತಿಯ ಬಿಲ್ಲು ಡೆಸ್ಮೊಗಿಂತ ಮೇಲೆ. ಅಂಗಳದ ಹಾವಸೆಯಲ್ಲಿ 210 ಕೆ.ಜಿ. ಹಿಂದಕ್ಕೆ ತಳ್ಳುವ ಸಾಹಸವೂ ಬೇಡ. ಶೆಡ್ಡಿನಲ್ಲಿ ಬೈಕಿನ ಮುಖ ಹೊರಗಿರುವ ಹಾಗೆಯೇ ನಿಲ್ಲಿಸಿ.

ಪೆಟ್ರೋಲು 95 ಆಕ್ಟೇನ್ ಬೇಕೆನ್ನುತ್ತದೆ ಕಂಪನಿ. ಇ20 (20% ಎಥನಾಲ್ ಬೆರೆಸಿದ ಪೆಟ್ರೋಲು) ಬಂದ ಮೇಲೆ ಸಾಮಾನ್ಯ ಪೆಟ್ರೋಲಿನ ಮಾನದಂಡವೂ 95ಕ್ಕೆ ಏರಿದೆ, ಹಾಗಾಗಿ ತೊಂದರೆ ಆಕ್ಟೇನಿನದಲ್ಲ, ಎಥನಾಲ್ ಹೀರುವ ನೀರಿನದು. ಅರ್ಧ ಟ್ಯಾಂಕಿಟ್ಟು ಎರಡು ತಿಂಗಳು ನಿಲ್ಲಿಸಿದರೆ ನೀರು, ಎಥನಾಲ್ ಬೇರೆಯಾಗಿ ತಳಕ್ಕೆ ಇಳಿದು ಪಂಪನ್ನು ಕೆಡಿಸಬಹುದು. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ.

ಟೂರಿಂಗಿಗೆ ಬಂದರೆ ಬೈಕಿನ ನಿಜವಾದ ಬೆಲೆ ಕಾಣುವುದು ಇಲ್ಲೇ. ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರು, ಸುಳ್ಯ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಮೂರನೇ ಗೇರಿನಲ್ಲಿ ಐದು ಆರು ಸಾವಿರದ ನಡುವೆ ಇಟ್ಟರೆ ಇಡೀ ಘಾಟಿಯನ್ನು ಒಂದೇ ಉಸಿರಿನಲ್ಲಿ ಹತ್ತುತ್ತದೆ. ನಂದಾರಪದವಿನಿಂದ ಚೇವಾರು ಕಡೆಗೆ ಬರುವ ಮಲೆನಾಡು ಹೆದ್ದಾರಿಯೂ ಇದಕ್ಕೆ ಹೇಳಿ ಮಾಡಿಸಿದ್ದು. ಪಾಣತ್ತೂರು, ಕರಿಕೆ ಮೂಲಕ ಭಾಗಮಂಡಲದ ದಾರಿ ಎಷ್ಟು ಚೆಂದವಿದ್ದರೂ ಬೇಡ: ಕಾಡಿನೊಳಗೆ ಕಿರಿದು, ತಿರುವಿನಾಚೆ ಬಸ್ಸು ಬಂದರೆ ಇಳಿಯಬೇಕಾದ್ದು ಕೆಸರಿಗೆ. ಎಕ್ಸಾಸ್ಟ್ ಕೊಳವೆ ಎಂಜಿನಿನ ಅಡಿಯಲ್ಲೇ ಹಾದುಹೋಗುವುದರಿಂದ ಎತ್ತರದ ಹಂಪುಗಳನ್ನು ಓರೆಯಾಗಿ ದಾಟಿ.

ಟ್ಯಾಂಕು 16 ಲೀಟರ್. ಹೆದ್ದಾರಿಯಲ್ಲಿ ಲೀಟರಿಗೆ 18ರಿಂದ 20 ಬಂದರೂ 250 ಕಿ.ಮೀ.ಗೆ ಮೊದಲೇ ಬಂಕು ನೋಡಿಕೊಳ್ಳಿ. ಮಡಿಕೇರಿ ಹೋಗಿ ಬರುವುದಾದರೆ ಸುಳ್ಯದಲ್ಲಿ ತುಂಬಿಸುವುದು ಸುಲಭ. ಮುಂದಿನ 43 ಮಿ.ಮೀ. ಮಾರ್ಜೋಕಿ ಫೋರ್ಕ್ ಪೂರ್ತಿ ಹೊಂದಿಸಬಹುದಾದ್ದು, ಹಿಂದಿನ ಸಾಕ್ಸ್ ಹೆಸರಿನ ಶಾಕ್‌ಅಬ್ಸಾರ್ಬರಿನಲ್ಲಿ ಪ್ರೀಲೋಡ್ (ಸ್ಪ್ರಿಂಗಿನ ಮೊದಲ ಬಿಗಿ) ಮತ್ತು ರಿಬೌಂಡ್ (ಕುಸಿದದ್ದು ಮರಳುವ ವೇಗ) ಹೊಂದಿಸಬಹುದು. ನಮ್ಮ ರಸ್ತೆಗೆ ಕಂಪನಿಯ ಸೆಟ್ಟಿಂಗ್ ಗಟ್ಟಿ. ಮುಂದಿನ ಕಂಪ್ರೆಶನ್ (ಫೋರ್ಕ್ ಕುಸಿಯುವುದನ್ನು ತಡೆಯುವ ಬಿಗಿ) ಎರಡು ಕ್ಲಿಕ್ ಸಡಿಲಿಸಿ ಓಡಿಸಿ, ಸಾಲದಿದ್ದರೆ ಇನ್ನೆರಡು. ಎಲ್ಲಿಂದ ಶುರುಮಾಡಿದಿರೆಂದು ಬರೆದಿಡಿ. ಹಿಂದೆ ಒಬ್ಬರು, ಪಕ್ಕಕ್ಕೆ ಬ್ಯಾಗು ಎಂದಾದರೆ ಪ್ರೀಲೋಡ್ ಏರಿಸಲೇಬೇಕು, ಇಲ್ಲವಾದರೆ ಹಿಂಭಾಗ ಕೂತು ಮುಂಚಕ್ರ ಹಗುರವಾಗಿ ತಿರುವಿನಲ್ಲಿ ಹೊರಗೆ ಓಡುತ್ತದೆ. ಕಂಪನಿಯ ಟೂರಿಂಗ್ ಪ್ಯಾಕಿನಲ್ಲಿ ಬ್ಯಾಗು, ಎತ್ತರದ ಗಾಜಿನ ಜೊತೆ ಬಿಸಿಯಾಗುವ ಹಿಡಿಕೆಯೂ ಬರುತ್ತದೆ. ಕಾಸರಗೋಡಿನಲ್ಲಿ ಅದನ್ನು ಬಳಸುವ ದಿನ ಬಂದರೆ ತಿಳಿಸಿ.

ಮಳೆಯಲ್ಲಿ ಅರ್ಬನ್ ಮೋಡ್ ಹಾಕಿ. ಶಕ್ತಿ 75 ಎಚ್‌ಪಿಗೆ ಇಳಿಯುತ್ತದೆ, ಎಳೆತವೂ ಮೆದುವಾಗುತ್ತದೆ. 2021ರ ನಂತರದ ಬೈಕಿಗೆ ಆರು ಅಕ್ಷದ ಐಎಂಯು (ಬೈಕು ಎಷ್ಟು ವಾಲಿದೆ ಎಂದು ಅಳೆಯುವ ಸೆನ್ಸರ್) ಇರುವುದರಿಂದ ವಾಲಿದಾಗಲೂ ಎಬಿಎಸ್ ಸರಿಯಾಗಿ ಕೆಲಸಮಾಡುತ್ತದೆ. ರಬ್ಬರ್ ಎಲೆ ಬಿದ್ದ ಒದ್ದೆ ತಿರುವುಗಳ ಊರಿನಲ್ಲಿ ಹಳೇ ಮಾದರಿಗಿಂತ ಹೊಸದಕ್ಕೆ ಒಂದೆರಡು ಲಕ್ಷ ಹೆಚ್ಚು ಕೊಡಲು ಇದೊಂದೇ ಕಾರಣ ಸಾಕು. ಜೋರು ಸೈಲೆನ್ಸರಿಗೆ ಹಣ ಸುರಿಯಬೇಡಿ; ಕೇರಳದಲ್ಲಿ ಮಾರ್ಪಾಡಿನ ವಿಷಯದಲ್ಲಿ ಮೋಟಾರು ವಾಹನ ಇಲಾಖೆ ಕಟ್ಟುನಿಟ್ಟು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಿಲೋಮೀಟರ್ ನೋಡಿ ಮರುಳಾಗಬೇಡಿ. ಎರಡು ಕೀಲಿ ಇದೆಯೇ, ಎಕ್ಸೆಂಟ್ರಿಕ್ ತಿರುಗುತ್ತದೆಯೇ, ಕ್ಯಾಲಿಪರ್ ಪಿಸ್ಟನ್ ಸುತ್ತ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯ ಕ್ಯಾಮ್ ತಿರುಗಿಸುವ ಎರಡು ಟೈಮಿಂಗ್ ಬೆಲ್ಟ್. ಓಡಿದರೂ ಓಡದಿದ್ದರೂ ಐದು ವರ್ಷಕ್ಕೆ ಅವುಗಳ ಆಯುಷ್ಯ ಮುಗಿಯಿತು. ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಆರು ವರ್ಷದಲ್ಲಿ ಒಂಬತ್ತು ಸಾವಿರ ಓಡಿದ, ಕನ್ನಡಿಯ ಹಾಗೆ ಹೊಳೆಯುವ ಬೈಕಿನಲ್ಲಿ ಇರುವುದು ಸಾಮಾನ್ಯವಾಗಿ ಕಾರ್ಖಾನೆಯಿಂದ ಬಂದ ಬೆಲ್ಟೇ. ಬದಲಿಸಿದ ಬಿಲ್ಲು ತೋರಿಸದಿದ್ದರೆ ಆ ಕೆಲಸದ ಖರ್ಚು ಕಳೆದು ಬೆಲೆ ಮಾತಾಡಿ, ಮನೆಗೆ ಓಡಿಸಿಕೊಂಡು ಬರದೆ ಪಿಕಪ್ಪಿನಲ್ಲಿ ಹೇರಿ ತನ್ನಿ.