4032 ಮತ್ತು 2618: ಫೋರ್ಜ್ಡ್ ಪಿಸ್ಟನ್ ಮತ್ತು ಬೋರ್ ಅಂತರದ ಒಂದು ಹೋಲಿಕೆ

ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಟವರು ಎರಕದ ಪಿಸ್ಟನ್ ತೆಗೆದು ಫೋರ್ಜ್ಡ್ (ಲೋಹವನ್ನು ಒತ್ತಿ ರೂಪಿಸಿದ) ಪಿಸ್ಟನ್ ಹಾಕಿಸುವುದು ವಾಡಿಕೆ. ಆದರೆ ಆ ಒಂದೇ ಹೆಸರಿನಡಿ, ಸ್ವಭಾವದಲ್ಲಿ ಸಾಕಷ್ಟು ಬೇರೆಯಾದ ಎರಡು ಅಲ್ಯೂಮಿನಿಯಂ ಮಿಶ್ರಲೋಹಗಳು ಮಾರಾಟದಲ್ಲಿವೆ: 4032 ಮತ್ತು 2618. ಎರಕದ ಕಬ್ಬಿಣದಿಂದ ಮಾಡಿದ, 86 ಮಿ.ಮೀ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ರಂಧ್ರ) ಇರುವ ಒಂದೇ ಮಾದರಿಯ ಎರಡು ನಾಲ್ಕು ಸಿಲಿಂಡರ್ ಬ್ಲಾಕ್‌ಗಳಲ್ಲಿ ನಾನು ಇವೆರಡನ್ನೂ ಬಳಸಿ ನೋಡಿದ್ದೇನೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದೆ ಕಂಪ್ರೆಶನ್ ಹೆಚ್ಚಿಸಿದ ಎಂಜಿನ್‌ಗೆ 4032 ಹಾಕಿದೆ. ಇನ್ನೊಂದಕ್ಕೆ ಹಾಕಿದ 2618 ಕೆಲಕಾಲ ಟರ್ಬೊ ಇಲ್ಲದೆಯೂ ಆನಂತರ ಟರ್ಬೊ ಜೊತೆಗೂ ಓಡಿತು. ಯಾವುದು ಹೆಚ್ಚು ಗಟ್ಟಿ ಎಂಬ ಪ್ರಶ್ನೆಯಿಂದ ಆಯ್ಕೆಯನ್ನು ಆರಂಭಿಸುವುದು ಸರಿಯಲ್ಲ ಎಂಬುದು ಈ ಬಳಕೆಯಿಂದ ನನಗೆ ಮೂಡಿದ ಅಭಿಪ್ರಾಯ. ಎಂಜಿನ್ ಹೇಗೆ ಬಳಕೆಯಾಗುತ್ತದೆ ಎಂಬುದು ಲೋಹವನ್ನು ನಿರ್ಧರಿಸಬೇಕು, ಲೋಹ ಮತ್ತು ಸ್ಕರ್ಟ್‌ನ (ಪಿಸ್ಟನ್‌ನ ಕೆಳಭಾಗದ ಗೋಡೆಯ) ಆಕಾರ ಸೇರಿ ಪಿಸ್ಟನ್ ಮತ್ತು ಬೋರ್ ನಡುವಿನ ಅಂತರವನ್ನು ನಿರ್ಧರಿಸಬೇಕು.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಸಿಲಿಕಾನ್. 4032 ರಲ್ಲಿ ಅದು ಸುಮಾರು ಶೇ. 12 ರಷ್ಟಿದ್ದರೆ, 2618 ರಲ್ಲಿ ಶೇ. 0.25 ನ್ನೂ ದಾಟುವುದಿಲ್ಲ. ಅಲ್ಲಿ ಬಲ ಬರುವುದು ತಾಮ್ರ, ಮೆಗ್ನೀಸಿಯಂ, ಕಬ್ಬಿಣ ಮತ್ತು ನಿಕ್ಕಲ್‌ನಿಂದ. ಸಿಲಿಕಾನ್ ಲೋಹದ ಹಿಗ್ಗುವಿಕೆಯನ್ನು ತಗ್ಗಿಸುತ್ತದೆ, ಸವೆತವನ್ನು ತಡೆಯುತ್ತದೆ, ಆದರೆ ಜೊತೆಗೇ ಲೋಹವನ್ನು ಸ್ವಲ್ಪ ಪೆಡಸಾಗಿಸುತ್ತದೆ. 2618 ಬಿಸಿಯಲ್ಲೂ ತನ್ನ ಬಲವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಮೈಗೆ ಇದೇ ಬಗೆಯ ಮಿಶ್ರಲೋಹವನ್ನು ಆರಿಸಿದ್ದು ಗಾಳಿಯ ಘರ್ಷಣೆಯ ಬಿಸಿಯನ್ನು ಅದು ಸಹಿಸುತ್ತಿತ್ತೆಂಬ ಕಾರಣಕ್ಕೆ.

ಅಂತರದ ಲೆಕ್ಕವೂ ಹಿಗ್ಗುವಿಕೆಯಿಂದಲೇ ಹುಟ್ಟುತ್ತದೆ. ಸ್ಕರ್ಟ್‌ನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದಾಗ 86 ಮಿ.ಮೀ. ವ್ಯಾಸದ 4032 ಪಿಸ್ಟನ್ ಸುಮಾರು 0.167 ಮಿ.ಮೀ. ಹಿಗ್ಗಿದರೆ, 2618 ಪಿಸ್ಟನ್ ಸುಮಾರು 0.192 ಮಿ.ಮೀ. ಹಿಗ್ಗುತ್ತದೆ. ಅಂದರೆ ಲೋಹ ಬದಲಾದ ಮಾತ್ರಕ್ಕೇ 0.025 ಮಿ.ಮೀ. ಹೆಚ್ಚಿನ ಜಾಗ ಬೇಕಾಗುತ್ತದೆ; ಅದರ ಮೇಲೆ ಟರ್ಬೊದ ಬಿಸಿ ಸೇರಿದರೆ ಇನ್ನಷ್ಟು. ತಯಾರಕರ ಸೂಚನೆಯಂತೆ ನಾನು 4032 ಕ್ಕೆ 0.06 ಮಿ.ಮೀ., 2618 ಕ್ಕೆ 0.09 ಮಿ.ಮೀ. ಅಂತರ ಇಟ್ಟಿದ್ದೆ; ಬಿಸಿಗೆ ಬೋರ್ ಕೂಡ ಹಿಗ್ಗುವುದರಿಂದ ಪಿಸ್ಟನ್ ಹಿಗ್ಗುವಷ್ಟೂ ಅಂತರ ಬೇಕಿಲ್ಲ. ಈ ಅಂಕಿಗಳನ್ನು ಬೇರೆ ಪಿಸ್ಟನ್‌ಗೆ ಹಾಗೆಯೇ ಅನ್ವಯಿಸಬಾರದು, ಏಕೆಂದರೆ ಸ್ಕರ್ಟ್ ನೇರವಾದ ಕೊಳವೆಯಲ್ಲ. ಮೇಲಿನಿಂದ ನೋಡಿದರೆ ಅಂಡಾಕಾರ, ಪಕ್ಕದಿಂದ ನೋಡಿದರೆ ನಡುವೆ ತುಸು ಉಬ್ಬು. ಆ ಉಬ್ಬಿನ ರೂಪ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬದಲಾಗುತ್ತದೆ.

ಹಾಗಾಗಿಯೇ ಅಳೆಯುವ ಬಿಂದು ಅಂಕಿಯಷ್ಟೇ ಮುಖ್ಯ. ಗಜನ್ ಪಿನ್‌ಗೆ (ಪಿಸ್ಟನ್ ಅನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಪಿನ್‌ಗೆ) ಲಂಬವಾಗಿ, ತಯಾರಕರು ಹೇಳಿದ ಎತ್ತರದಲ್ಲಿಯೇ ಮೈಕ್ರೋಮೀಟರ್ ಹಿಡಿಯಬೇಕು, ಕೆಲವು ಮಿ.ಮೀ. ಮೇಲೆ ಕೆಳಗೆ ಸರಿದರೆ ಓದು ಬದಲಾಗಿ, ಸರಿಯಾದ ಬೋರ್ ಕೂಡ ತಪ್ಪಾಗಿ ಕಾಣುತ್ತದೆ. ಸ್ಕರ್ಟ್‌ನ ಮೇಲೆ ಕಪ್ಪು ಲೇಪನವಿದ್ದರೆ ಅದನ್ನು ಸೇರಿಸಿ ಅಳೆಯಬೇಕೋ ಬಿಟ್ಟು ಅಳೆಯಬೇಕೋ ಎಂಬುದನ್ನು ಸೂಚನಾ ಪತ್ರದಲ್ಲಿ ಓದಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಬೋರ್ ಅನ್ನು ಮೂರು ಆಳಗಳಲ್ಲಿ, ಎರಡು ದಿಕ್ಕುಗಳಲ್ಲಿ ಅಳೆದು, ಪಿಸ್ಟನ್ ಮತ್ತು ಬ್ಲಾಕ್ ಎರಡೂ ಒಂದೇ ಕೋಣೆಯ ಉಷ್ಣತೆಗೆ ಬಂದಿರುವುದನ್ನು ನೋಡಿಕೊಳ್ಳಬೇಕು. ಹೋನಿಂಗ್ (ಬೋರ್ ಅನ್ನು ಉಜ್ಜಿ ಅಂತಿಮ ಅಳತೆಗೆ ತರುವ ಕೆಲಸ) ಮಾಡುವಾಗ ಬ್ಲಾಕ್‌ನ ಮೇಲೆ, ಹೆಡ್‌ನ ಬದಲಿಗೆ ಕೂರಿಸುವ ದಪ್ಪ ಫಲಕವಾದ ಟಾರ್ಕ್ ಪ್ಲೇಟ್ ಬಿಗಿದಿರಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಹೆಡ್ ಬೋಲ್ಟ್‌ಗಳ ಬಿಗಿತಕ್ಕೆ ಬೋರ್ ಮೈಕ್ರಾನ್‌ಗಳಷ್ಟು ಸೊಟ್ಟಗಾಗುವುದರಿಂದ, ಪ್ಲೇಟ್ ಇಲ್ಲದೆ ಸಾಧಿಸಿದ ನಿಖರತೆ ಹೆಡ್ ಕೂರಿಸಿದ ಕೂಡಲೇ ಕೆಡುತ್ತದೆ.

ದಿನಬಳಕೆಯಲ್ಲಿ ಎರಡರ ವ್ಯತ್ಯಾಸ ಮೊದಲು ಕಿವಿಗೆ ಬೀಳುತ್ತದೆ. 4032 ಹಾಕಿದ ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿದರೂ ಎರಕದ ಪಿಸ್ಟನ್‌ನ ಎಂಜಿನ್‌ಗಿಂತ ಬೇರೆಯೆಂದು ಹೇಳುವುದು ಕಷ್ಟವಾಗಿತ್ತು. 2618 ಹಾಕಿದ ಎಂಜಿನ್ ಮಾತ್ರ ಬಿಸಿಯಾಗುವವರೆಗೆ ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಂತೆ ಸದ್ದು ಮಾಡುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಪಿಸ್ಟನ್ ಬೋರ್‌ನೊಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲುವಾಗ ಸ್ಕರ್ಟ್ ಗೋಡೆಗೆ ಬಡಿಯುವ ಸದ್ದು ಅದು. ರೇಸ್‌ಗೆಂದು ಮಾಡಿದ ಅನೇಕ ಪಿಸ್ಟನ್‌ಗಳಲ್ಲಿ, ವಾಹನ ಕಂಪನಿಗಳು ಸದ್ದು ತಗ್ಗಿಸಲು ಗಜನ್ ಪಿನ್‌ಗೆ ಕೊಡುವ ಸಣ್ಣ ಪಕ್ಕಸರಿತ ಇರುವುದಿಲ್ಲವಾದ್ದರಿಂದ ಬಡಿತ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದು ಕಿವಿಯ ಕಿರಿಕಿರಿ ಮಾತ್ರ ಎಂದುಕೊಳ್ಳುವಂತಿಲ್ಲ: ಕೆಲವು ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಈ ಬಡಿತವನ್ನೇ ಡಿಟೊನೇಶನ್ (ಇಂಧನ ಹದವಾಗಿ ಉರಿಯದೆ ಸಿಡಿಯುವುದು) ಎಂದು ಭಾವಿಸಿ ಇಗ್ನಿಶನ್ ಟೈಮಿಂಗ್ ಅನ್ನು ಹಿಂದಕ್ಕೆಳೆಯುತ್ತದೆ, ಆಗ ಖರ್ಚು ಮಾಡಿ ಗಳಿಸಿದ ಶಕ್ತಿಯಲ್ಲಿ ಒಂದು ಪಾಲು ಅಲ್ಲಿಯೇ ಹೋಗುತ್ತದೆ.

ಸವೆತದಲ್ಲಿಯೂ 4032 ಮುಂದಿತ್ತು. ಎರಡೂ ಎಂಜಿನ್‌ಗಳನ್ನು ಬಿಚ್ಚಿದಾಗ 4032 ರ ರಿಂಗ್ ತೋಡುಗಳು (ಪಿಸ್ಟನ್ ರಿಂಗ್‌ಗಳು ಕೂರುವ ಗಾಡಿಗಳು) ಹೊಸದರಂತೆಯೇ ಇದ್ದವು; 2618 ರ ಮೇಲಿನ ತೋಡು ಫೀಲರ್ ಗೇಜ್‌ಗೆ ತಿಳಿಯುವಷ್ಟು ಅಗಲವಾಗಿತ್ತು. ತೋಡಿಗೆ ಅನೊಡೈಸಿಂಗ್ (ಅಲ್ಯೂಮಿನಿಯಂ ಮೇಲ್ಮೈಯನ್ನು ಗಟ್ಟಿಯಾಗಿಸುವ ಸಂಸ್ಕರಣೆ) ಮಾಡಿಸಿದರೆ ಈ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇಷ್ಟಾದರೂ ಟರ್ಬೊ ಎಂಜಿನ್‌ಗೆ ನಾನು 2618 ನ್ನೇ ಉಳಿಸಿಕೊಂಡೆ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಹೆಚ್ಚಿರುವಾಗ ಇಂಧನದ ಗುಣಮಟ್ಟ ತುಸು ಕುಸಿದರೂ ಡಿಟೊನೇಶನ್ ಬರಬಹುದು. ಆ ಹೊಡೆತಕ್ಕೆ 2618 ಬಾಗಿ, ತಗ್ಗಿ, ತನ್ನನ್ನು ಉಳಿಸಿಕೊಳ್ಳುತ್ತದೆ, ಸಿಲಿಕಾನ್ ಹೆಚ್ಚಿರುವ ಲೋಹ ರಿಂಗ್‌ಗಳ ನಡುವಿನ ಅಂಚಿನಲ್ಲಿ ಬಿರುಕು ಬಿಡುತ್ತದೆ. ನನ್ನ 2618 ಪಿಸ್ಟನ್‌ಗಳ ತಲೆಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಡಿಟೊನೇಶನ್‌ನ ಗುರುತು ಬಿದ್ದಿತ್ತು, ಆದರೆ ಅಂಚುಗಳೆಲ್ಲ ಇಡಿಯಾಗಿದ್ದವು. ಟರ್ಬೊ ಇಲ್ಲದ, ಪ್ರತಿದಿನ ರಸ್ತೆಗಿಳಿಯುವ ಎಂಜಿನ್‌ಗೆ ಇದೇ ಕಾರಣ ಕೊಟ್ಟು 2618 ಹಾಕಿಸುವುದು ಮಾತ್ರ ನನಗೆ ಒಪ್ಪಿಗೆಯಾಗದು. ಬಾರದ ಅಪಾಯಕ್ಕಾಗಿ ದಿನವೂ ಸದ್ದನ್ನೂ ಸವೆತವನ್ನೂ ಸಹಿಸಬೇಕಾಗುತ್ತದೆ.

ರಿಂಗ್ ಗ್ಯಾಪ್‌ನ (ಪಿಸ್ಟನ್ ರಿಂಗ್‌ನ ಎರಡು ತುದಿಗಳ ನಡುವಿನ ಬಿಡುವಿನ) ವಿಷಯದಲ್ಲಿ ಲೋಹಕ್ಕಿಂತ ಬಿಸಿಯೇ ಹೆಚ್ಚು ಮಾತಾಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ನ ಮೇಲಿನ ರಿಂಗ್‌ಗೆ ಬೋರ್‌ನ 0.4 ಶೇಕಡಾದಷ್ಟು, ಅಂದರೆ 86 ಮಿ.ಮೀ.ಗೆ ಸುಮಾರು 0.35 ಮಿ.ಮೀ. ಇಟ್ಟೆ, ಟರ್ಬೊಗೆ ಅದನ್ನು 0.48 ಮಿ.ಮೀ.ಗೆ ಏರಿಸಿದೆ, ಎರಡನೆಯ ರಿಂಗ್‌ಗೆ ಅದಕ್ಕಿಂತಲೂ ತುಸು ಹೆಚ್ಚು. ಇಲ್ಲಿ ಜಿಪುಣತನ ಸಲ್ಲದು. ಬಿಸಿಯಲ್ಲಿ ರಿಂಗ್‌ನ ತುದಿಗಳು ಒಂದಕ್ಕೊಂದು ತಾಗಿದರೆ ಅದು ಬೋರ್‌ಗೆ ಒತ್ತಿಕೊಂಡು ಪಿಸ್ಟನ್‌ನ ಮೇಲಿನ ಅಂಚನ್ನೇ ಎಳೆದು ಮುರಿಯುತ್ತದೆ. ಗ್ಯಾಪ್ ಸ್ವಲ್ಪ ಹೆಚ್ಚಾದರೆ ಆಗುವ ನಷ್ಟ ಕ್ರ್ಯಾಂಕ್‌ಕೇಸ್‌ಗೆ ಸೋರುವ ಒಂದಿಷ್ಟು ಅನಿಲ ಮಾತ್ರ.

ಇನ್ನೊಂದು ಪ್ರಾಯೋಗಿಕ ಮಾತು: ಪಿಸ್ಟನ್ ಕೈಗೆ ಬರುವ ಮುನ್ನ ಬ್ಲಾಕ್ ಅನ್ನು ಹೋನಿಂಗ್‌ಗೆ ಕೊಡಬಾರದು. ಒಂದೇ ಪೆಟ್ಟಿಗೆಯ ನಾಲ್ಕು ಪಿಸ್ಟನ್‌ಗಳಲ್ಲಿಯೂ ಕೆಲವು ಮೈಕ್ರಾನ್‌ಗಳ ವ್ಯತ್ಯಾಸ ಇರಬಹುದಾದ್ದರಿಂದ, ಪ್ರತಿಯೊಂದನ್ನೂ ಅಳೆದು ಅದರದೇ ಸಿಲಿಂಡರ್‌ನ ಸಂಖ್ಯೆ ಬರೆದಿಟ್ಟು, ಆ ಅಳತೆಗೆ ತಕ್ಕಂತೆ ಬೋರ್ ಅನ್ನು ಮುಗಿಸಿಕೊಡಲು ಹೇಳಬೇಕು.